ಕೆನ್ನೆಗೆ ಗೆಜ್ಜೆ: ಗೋಡೆಚಿತ್ರ, ಮೂರನೇ ವಾರ

ಟೆರೇಸಿನ ಗೋಡೆಯ ಮೇಲೆ ಕೊಯೊಲ್‌ಶೌಕಿಗೆ ಕೊನೆಗೂ ಮುಖ ಬಂತು. ಬಂದ ಮರುದಿನವೇ ಒಂದು ಕೆನ್ನೆ ಹೋಯಿತು, ಅದನ್ನು ಆಮೇಲೆ ಹೇಳ್ತೀನಿ.

ಇವಳ ಕಥೆ ಚಿಕ್ಕದಾಗಿ: ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರ ಕೊವಾಟ್ಲಿಕ್ವೆ ದೇವಿ ಕೊವಾಟೆಪೆಕ್ ಬೆಟ್ಟದಲ್ಲಿ ಕಸ ಗುಡಿಸುವಾಗ ಗರಿಯ ಉಂಡೆಯೊಂದು ಸಿಕ್ಕಿತು. ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಸುರಾದಳು. ಮನೆತನದ ಮಾನ ಹೋಯಿತೆಂದು ಮಗಳು ಕೊಯೊಲ್‌ಶೌಕಿ 400 ಸೋದರರನ್ನು ಕಟ್ಟಿಕೊಂಡು ತಾಯಿಯ ಮೇಲೇ ದಂಡೆತ್ತಿ ಹೋದಳು. ಅಷ್ಟರಲ್ಲಿ ಆಯುಧ ಹಿಡಿದೇ ಹುಟ್ಟಿದ ಹುಯಿಟ್ಜಿಲೋಪೋಚ್ಟ್ಲಿ ಅಕ್ಕನ ತಲೆ ಕಡಿದ. ಮುಂಡ ಬೆಟ್ಟದಿಂದ ಉರುಳುತ್ತಾ ಕೈಕಾಲು ಕಳಚಿಕೊಂಡಿತು.

ಮೆಕ್ಸಿಕೋ ಸಿಟಿಯಲ್ಲಿ 1978ರ ಫೆಬ್ರವರಿಯಲ್ಲಿ ಕರೆಂಟಿನ ಕೆಲಸದವರು ನೆಲ ಅಗೆಯುವಾಗ ಸಿಕ್ಕ ದುಂಡು ಕಲ್ಲಿನಲ್ಲಿ ಅವಳು ಹೀಗೆ ತುಂಡುತುಂಡಾಗಿಯೇ ಇದ್ದಾಳೆ. ಅಡ್ಡಳತೆ ಸುಮಾರು 3.25 ಮೀಟರ್. ನಾನು ಅರ್ಧಕ್ಕೆ ಇಳಿಸಿಕೊಂಡೆ. ನಡುವೆ ಒಂದು ಮೊಳೆ, ದಾರ, ಸೀಮೆಸುಣ್ಣ, ವೃತ್ತ ತಯಾರು.

ಮೊದಲ ವಾರ ಕರುಣೆ ಉಕ್ಕಿ ಅವಳನ್ನು ಜೋಡಿಸಿಬಿಟ್ಟಿದ್ದೆ. ನೆಟ್ಟಗೆ ನಿಂತ ಮೈ, ಕೈಯಲ್ಲಿ ಈಟಿ, ಗುರಾಣಿ. ವಿಡಿಯೋ ಗೇಮಿನ ಪೋಸ್ಟರ್ ಥರ ಕಂಡಿತು. ಒರೆಸಿ ಹಾಕಿ ಕಲ್ಲಿನ ಫೋಟೋವನ್ನೇ ಮತ್ತೆ ನೋಡುತ್ತಾ ಕೂತೆ. ಕಡಿದ ತೊಡೆಯಿಂದ ಎಲುಬಿನ ತುದಿ ಇಣುಕುತ್ತಿದೆ, ಮೊಣಕೈ ಮೊಣಕಾಲುಗಳಲ್ಲಿ ಕೋರೆಹಲ್ಲಿನ ಮುಖಗಳು, ಸೊಂಟಕ್ಕೆ ಹಾವಿನ ಪಟ್ಟಿ, ಅದಕ್ಕೊಂದು ತಲೆಬುರುಡೆ. ಇಷ್ಟಾದರೂ ಮಡಿಸಿದ ಕಾಲು ಓಡುತ್ತಲೇ ಇದೆ! ಈಟಿ ಕೊಟ್ಟರೂ ಬರದ ಭಯ ಆ ಕಾಲಿನಲ್ಲಿತ್ತು.

ಬಣ್ಣದಲ್ಲೂ ಎಡವಿದ್ದೆ. ಕಲ್ಲಿನಲ್ಲಿ ಉಳಿದಿದ್ದ ಬಣ್ಣದ ಕುರುಹುಗಳ ಪ್ರಕಾರ ಹಿನ್ನೆಲೆ ಕೆಂಪು, ಮೈ ಹಳದಿ ಮಣ್ಣಿನ ಬಣ್ಣ, ಜೊತೆಗೆ ನೀಲಿ, ಬಿಳಿ, ಕಪ್ಪು. ನಾನು ಬಳಿದಿದ್ದ ಕಂದು ಮೈಗೆ ಮತ್ತೆ ಎರಡು ಕೋಟ್ ಬೇಕಾಯಿತು. ಮೆಕ್ಸಿಕೋದ ಹಳೆಯ ಚಿತ್ರಪುಸ್ತಕಗಳಂತೆ ಒಂದೇ ದಪ್ಪದ ಕಪ್ಪು ಗೆರೆ, ಒಳಗೆ ಸಪಾಟು ಬಣ್ಣ, ನೆರಳು ಇಲ್ಲವೇ ಇಲ್ಲ. ನನ್ನ ಕೈ ಮಾತ್ರ ಅಭ್ಯಾಸಬಲದಿಂದ ಕೆನ್ನೆಯಡಿ ನೆರಳು ಹಾಕಲು ಹೋಗುತ್ತದೆ.

ಇನ್ನು ಆ ಕೆನ್ನೆ. ಕೊಯೊಲ್‌ಶೌಕಿ ಅಂದರೆ ಗೆಜ್ಜೆಗಳಿಂದ ಸಿಂಗರಿಸಿಕೊಂಡವಳು. ಗೆಜ್ಜೆ ಇರುವುದು ಕಾಲಿಗಲ್ಲ, ಕೆನ್ನೆಗೆ. ಅಂಚು ಚೊಕ್ಕ ಬರಲೆಂದು ಮಾಸ್ಕಿಂಗ್ ಟೇಪ್ ಅಂಟಿಸಿ ಬಳಿದೆ. ಬೆಳಿಗ್ಗೆ ಟೇಪ್ ಎಳೆದರೆ ಗೆಜ್ಜೆ, ಕೆನ್ನೆ, ಅಡಿಯ ಪುಟ್ಟಿ ಎಲ್ಲಾ ಅಂಗೈಯಗಲ ಕಿತ್ತು ಬಂತು. ಪುಟ್ಟಿ ಒಳಗೆ ಇನ್ನೂ ಹಸಿ ಇತ್ತು. ಆತುರ, ಮತ್ತೇನು.

ಪಕ್ಕದ ಮನೆ ಆಂಟಿ ಬಟ್ಟೆ ಒಣಹಾಕಲು ಬಂದವರು, "ಚೆನ್ನಾಗಿ ಕುಣೀತಿದಾಳೆ ಕಣಪ್ಪಾ" ಅಂದರು. ಮೊದಲು ಬೇಜಾರಾಯಿತು. ಆಮೇಲೆ ಹೊಳೆಯಿತು, ಆ ಕಲ್ಲು ಇದ್ದದ್ದು ಗೋಡೆಯಲ್ಲಲ್ಲ. ಹುಯಿಟ್ಜಿಲೋಪೋಚ್ಟ್ಲಿಯ ಗುಡಿಯ ಮೆಟ್ಟಿಲ ಬುಡದಲ್ಲಿ, ನೆಲಕ್ಕೆ ಮಲಗಿಸಿದಂತೆ. ಮೇಲೆ ಬಲಿಯಾದವರ ದೇಹ ಉರುಳಿ ಬೀಳುತ್ತಿದ್ದದ್ದು ಅಲ್ಲಿಗೇ. ಅಲ್ಲಿ ಅವಳನ್ನು ತಲೆ ಬಗ್ಗಿಸಿ ನೋಡಬೇಕು, ಸೋತವಳಾಗಿ. ಗೋಡೆಗೆ ಏರಿಸಿದ ನಾನೇ ಅವಳನ್ನು ಎಬ್ಬಿಸಿಬಿಟ್ಟಿದ್ದೇನೆ.

ಇರಲಿ, ಕುಣಿಯಲಿ. ಹೊಸ ಪುಟ್ಟಿ ಹಚ್ಚಿದ್ದೇನೆ, ಭಾನುವಾರದವರೆಗೆ ಮುಟ್ಟುವುದಿಲ್ಲ. ಗೆಜ್ಜೆಗೆ ಈ ಸಲ ಟೇಪ್ ಇಲ್ಲ, ಬರಿಗೈ.