ಟೆಸ್ಟ್ ಮುಗಿದರೂ ಮುಗಿಯದ ಪ್ರೊಸೆಸ್‌ಗಳು

ನಮ್ಮ ತಂಡದ ಬ್ರೌಸರ್ ಟೆಸ್ಟ್‌ಗಳು ಪ್ರತಿ ರಾತ್ರಿ ಒಂದೇ ಲಿನಕ್ಸ್ ಯಂತ್ರದಲ್ಲಿ ನಡೆಯುತ್ತಿದ್ದವು. ಸೋಮವಾರ ಸರಿಯಾಗಿದ್ದ ಬಿಲ್ಡ್ (ಟೆಸ್ಟ್‌ಗಳ ಒಂದು ಪೂರ್ತಿ ಓಟ) ಗುರುವಾರದ ಹೊತ್ತಿಗೆ ನಿಧಾನವಾಗಿ, ಕೊನೆಗೆ 8080ನೇ ಪೋರ್ಟ್ (ಸರ್ವರ್ ಸಂಪರ್ಕ ಸ್ವೀಕರಿಸುವ ಸಂಖ್ಯೆ) ಈಗಾಗಲೇ ಬಳಕೆಯಲ್ಲಿದೆ ಎಂಬ ಎರರ್ ತೋರಿಸಿ ನಿಂತುಬಿಡುತ್ತಿತ್ತು. ಯಂತ್ರವನ್ನು ರೀಸ್ಟಾರ್ಟ್ ಮಾಡಿದೊಡನೆ ಎಲ್ಲವೂ ಸರಿಹೋಗುತ್ತಿದ್ದುದರಿಂದ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಒಂದು ಬೆಳಿಗ್ಗೆ, ಯಾವ ಟೆಸ್ಟೂ ನಡೆಯದಿರುವಾಗ, ಓಡುತ್ತಿರುವ ಪ್ರೋಗ್ರಾಂಗಳನ್ನು, ಅಂದರೆ ಪ್ರೊಸೆಸ್‌ಗಳನ್ನು, ಪಟ್ಟಿಮಾಡುವ ಪಿಎಸ್ ಕಮಾಂಡ್ ಕೊಟ್ಟು ನೋಡಿದೆ. ಹಿಂದಿನ ದಿನಗಳ ಕ್ರೋಮ್ ಪ್ರೊಸೆಸ್‌ಗಳು ಪರದೆಯ ತುಂಬ ಸಾಲುಗಟ್ಟಿದ್ದವು. ಅವುಗಳ ನಡುವೆ ನಮ್ಮ ಟೆಸ್ಟ್ ಸರ್ವರ್ ಕೂಡ ಇತ್ತು. ಅದರ ಪೇರೆಂಟ್ ಪ್ರೊಸೆಸ್‌ನ ಸಂಖ್ಯೆ 1 ಎಂದಿತ್ತು; ಪೇರೆಂಟ್ ಕಳೆದುಕೊಂಡವನ್ನು ವಹಿಸಿಕೊಳ್ಳುವ, ಯಂತ್ರದ ಮೊದಲ ಪ್ರೊಸೆಸ್ ಅದು. ಅಂದರೆ ಸರ್ವರನ್ನು ಹುಟ್ಟುಹಾಕಿದ ಪ್ರೊಸೆಸ್ ಎಂದೋ ಸತ್ತು, ಇದು ಅನಾಥವಾಗಿ ಉಳಿದಿತ್ತು.

ಕೆಲವು ಟೆಸ್ಟ್‌ಗಳಲ್ಲಿ ಬ್ರೌಸರನ್ನು ಪ್ರೋಗ್ರಾಂ ಮೂಲಕ ನಡೆಸುವ ಸೆಲೆನಿಯಮ್‌ನ ಕ್ವಿಟ್ ಬದಲು ಕ್ಲೋಸ್ ಬಳಸಿದ್ದೆವು. ಕ್ಲೋಸ್ ಒಂದು ವಿಂಡೋವನ್ನಷ್ಟೇ ಮುಚ್ಚುತ್ತದೆ. ಅದನ್ನು ತಿದ್ದುವುದು ಸುಲಭವಾಗಿತ್ತು. ನಿಜವಾದ ಕಾರಣ ಬೇರೆ ಇತ್ತು. ನಡುವೆ ಯಾರಾದರೂ ಬಿಲ್ಡ್ ರದ್ದುಮಾಡಿದಾಗ ಟೆಸ್ಟ್ ನಡೆಸುವ ಪೈಥಾನ್‌ಗೆ ಮುಗಿಸು ಎಂದು ಹೇಳುವ ಸಿಗ್‌ಟರ್ಮ್ ಸಿಗ್ನಲ್ ಬರುತ್ತದೆ. ಅದನ್ನು ಹಿಡಿದು ಉತ್ತರಿಸುವ ಹ್ಯಾಂಡ್ಲರ್ ಬರೆಯದಿದ್ದರೆ ಪೈಥಾನ್ ಅಲ್ಲಿಯೇ ಸಾಯುತ್ತದೆ, ಕೊನೆಯಲ್ಲಿ ಎಲ್ಲವನ್ನೂ ತೆರವುಗೊಳಿಸುತ್ತದೆಂದು ನಾವು ನಂಬಿಕೊಂಡಿದ್ದ ಫೈನಲಿ ಭಾಗವೂ, ಟೆಸ್ಟ್‌ಗೆ ಬೇಕಾದ್ದನ್ನು ಸಿದ್ಧಪಡಿಸುವ ಫಿಕ್ಸ್ಚರ್‌ನ ಕೊನೆಯ ಸಾಲುಗಳೂ ನಡೆಯುವುದೇ ಇಲ್ಲ. ಸಾಲದ್ದಕ್ಕೆ, ಸರ್ವರನ್ನು ಶೆಲ್ ಸ್ಕ್ರಿಪ್ಟ್ ಮೂಲಕ ಆರಂಭಿಸುತ್ತಿದ್ದೆವು. ಟೆಸ್ಟ್ ಸರಿಯಾಗಿ ಮುಗಿದ ದಿನವೂ ಪೈಥಾನ್‌ನ ಟರ್ಮಿನೇಟ್ ಕೊಂದದ್ದು ಶೆಲ್ಲನ್ನೇ ಹೊರತು ಸರ್ವರನ್ನಲ್ಲ.

ಅವಸರದಲ್ಲಿ ನಾನು ಕ್ರೋಮ್ ಎಂಬ ಹೆಸರಿನ ಎಲ್ಲವನ್ನೂ ಪಿಕಿಲ್ ಕಮಾಂಡ್‌ನಿಂದ ಮುಗಿಸುವ ಸಾಲೊಂದನ್ನು ಸೇರಿಸಿದೆ. ಅದೇ ಯಂತ್ರದಲ್ಲಿ ನಡೆಯುತ್ತಿದ್ದ ಇನ್ನೊಂದು ತಂಡದ ಟೆಸ್ಟ್‌ಗಳು ಆ ಸಂಜೆ ಅರ್ಧಕ್ಕೇ ನಿಂತವು, ತಮ್ಮದಲ್ಲದ ತಪ್ಪನ್ನು ಅವರು ಗಂಟೆಗಟ್ಟಲೆ ಹುಡುಕಿದರು. ಹೆಸರು ನೋಡಿ ಪ್ರೊಸೆಸ್ ಕೊಲ್ಲಬಾರದು ಎಂದು ನಾನು ಈಗ ಹಟ ಹಿಡಿಯುವುದು ಅದಕ್ಕೇ.

ಈಗ ಸರ್ವರನ್ನು ಅದರದೇ ಸೆಷನ್‌ನಲ್ಲಿ (ಪ್ರತ್ಯೇಕ ಪ್ರೊಸೆಸ್ ಗುಂಪಾಗಿ) ಆರಂಭಿಸುತ್ತೇವೆ. ಮುಗಿಸುವಾಗ ಇಡೀ ಪ್ರೊಸೆಸ್ ಗುಂಪಿಗೆ ಸಿಗ್‌ಟರ್ಮ್ ಕಳುಹಿಸಿ, 10 ಸೆಕೆಂಡ್ ಕಾದು, ಉಳಿದವಕ್ಕೆ ತಡೆಯಲಾಗದ ಸಿಗ್‌ಕಿಲ್ ಸಿಗ್ನಲ್ ಕೊಡುತ್ತೇವೆ. ಸರ್ವರ್ ಸಿದ್ಧವಾಯಿತೇ ಎಂದು ಪರೀಕ್ಷಿಸುವುದಕ್ಕೂ ಮೊದಲೇ ಈ ಮುಗಿಸುವ ಕೆಲಸವನ್ನು ನೋಂದಾಯಿಸುತ್ತೇವೆ, ಏಕೆಂದರೆ ಆ ಪರೀಕ್ಷೆಯೇ ಸೋಲಬಹುದು. ಸಿಗ್‌ಟರ್ಮ್‌ಗೆ ಹ್ಯಾಂಡ್ಲರ್ ಕೂಡ ಬರೆದಿದ್ದೇವೆ. ಇದರ ಜೊತೆಗೆ ಪ್ರತಿ ಬಿಲ್ಡ್‌ಗೂ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ (ಪ್ರೊಸೆಸ್ ಜೊತೆ ಸಾಗುವ, ಹೆಸರಿಟ್ಟ ಮೌಲ್ಯ) ಒಂದು ಗುರುತು ಇಡುತ್ತೇವೆ; ಅದು ಮಕ್ಕಳು, ಮೊಮ್ಮಕ್ಕಳವರೆಗೂ ತಾನಾಗಿ ಹರಿದುಬರುತ್ತದೆ. ಬಿಲ್ಡ್‌ಗಳನ್ನು ತಾನಾಗಿ ನಡೆಸುವ ಜೆಂಕಿನ್ಸ್ ತಂತ್ರಾಂಶ ತನ್ನ ಬಿಲ್ಡ್‌ನ ಪ್ರೊಸೆಸ್‌ಗಳನ್ನು ಪತ್ತೆಹಚ್ಚುವುದೂ ಹೀಗೆಯೇ. ಕೊನೆಯಲ್ಲಿ ಆ ಗುರುತಿನ ಪ್ರೊಸೆಸ್ ಒಂದಾದರೂ ಉಳಿದಿದ್ದರೆ ಬಿಲ್ಡ್ ಫೇಲ್ ಆಗುತ್ತದೆ. ಮೊದಲ ವಾರವೇ ಅದು ಹಿಡಿದುಕೊಟ್ಟದ್ದು, ಪರದೆಯ ವಿಡಿಯೊ ದಾಖಲಿಸಲು ನಾನೇ ಬರೆದಿದ್ದ ಟೆಸ್ಟ್ ಬಿಟ್ಟುಹೋಗಿದ್ದ ಎಫ್‌ಎಫ್‌ಎಂಪೆಗ್ ಪ್ರೊಸೆಸ್ಸನ್ನು.