ಅಡ್ರೆಸ್ ಸರಿಯಾಗಿ ಬರ್ಕೊಳ್ಳಿ, ಸಿಸ್ಟರ್

ಮಂಗಳೂರು, 2025 ಜುಲೈ 14, ಸೋಮವಾರ

ಬೆಳಿಗ್ಗೆಯಿಂದ ಬಿಡದ ಮಳೆ. ಕ್ಲಿನಿಕ್ಕಿನ ಬಾಗಿಲಲ್ಲಿ ಕೊಡೆಗಳ ರಾಶಿ, ಒಳಗೆ ಜ್ವರದವರ ಸಾಲು. ಹನ್ನೊಂದೂವರೆಗೆ ಬಂದ ಹುಡುಗ ಒಡಿಶಾದವನು. ಸೆಂಟ್ರಿಂಗ್ ಕೆಲಸ. ದಿನ ಬಿಟ್ಟು ದಿನ ನಡುಗಿಕೊಂಡು ಜ್ವರ ಬರುತ್ತದಂತೆ, ಆಮೇಲೆ ಮೈಯೆಲ್ಲ ಬೆವರಿ ಇಳಿಯುತ್ತದಂತೆ. ಕೆಳಗಿನ ಲ್ಯಾಬಿಗೆ ಕಳಿಸಿದೆ. ಒಂದು ಗಂಟೆಯೊಳಗೆ ಫೋನ್ ಬಂತು. "ಮೇಡಂ, ವೈವ್ಯಾಕ್ಸ್ ಪಾಸಿಟಿವ್." ಅಂದರೆ ಮಲೇರಿಯಾದ ಒಂದು ಬಗೆ.

ಮದ್ದು ಬರೆಯೋದು ಎರಡು ನಿಮಿಷದ ಕೆಲಸ. ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್. ಆದರೆ ಮಲೇರಿಯಾ ಬಂದವರ ವಿವರ ಆರೋಗ್ಯ ಇಲಾಖೆಗೂ ಕಳಿಸಬೇಕು. ಅರ್ಧ ಗಂಟೆ ಹಿಡಿದದ್ದು ಅದರ ಅಡ್ರೆಸ್ಸಿಗೆ.

ಎಲ್ಲಿರೋದು ಅಂತ ಕೇಳಿದರೆ "ಸೈಟಲ್ಲಿ" ಅಂದ. ಯಾವ ಸೈಟು? "ದೊಡ್ಡ ಬಿಲ್ಡಿಂಗ್." ಬಂದು ಇಪ್ಪತ್ತು ದಿನ ಆಗಿದೆ, ರಸ್ತೆಯ ಹೆಸರು ಅವನಿಗೆ ಹೇಗೆ ಗೊತ್ತಿರಬೇಕು? ಕೊನೆಗೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಸಂಜೆ ಹೊತ್ತು, ಅರ್ಧ ಕಟ್ಟಿದ ಮಹಡಿ, ನಾಲ್ಕು ಜನ ಗೆಳೆಯರು ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾರೆ. ಸಿಸ್ಟರ್ ಆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಗೆಳೆಯರ ಹಿಂದೆ, ಕೆಳಗೆ, ಒಂದು ಬೋರ್ಡಿನ ತುದಿ ಕಾಣುತ್ತಿತ್ತು. "ಮೇಡಂ, ಇದು ನಾನು ಬಸ್ಸಿಳಿಯೋ ಕಡೆ ಇರೋ ಬೇಕರಿ ಅಲ್ವಾ?" ಹೌದು, ಅದೇ. ಬೇಕರಿಯ ಎದುರಿನ ಕಟ್ಟಡ, ಮೂರನೇ ಮಹಡಿ, ತಗಡಿನ ಶೆಡ್. ಹಾಗೇ ಬರೆದು ಕಳಿಸಿದೆವು.

ಕಂಟ್ರಾಕ್ಟರಿಗೂ ಫೋನ್ ಮಾಡಿದೆ. "ಎಂತ ಡಾಕ್ಟ್ರೇ, ಸುಮ್ನೆ ಕಂಪ್ಲೇಂಟ್ ಎಂತಕ್ಕೆ? ಮದ್ದು ಕೊಡಿ ಸಾಕು" ಅಂದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಅಂತಲೂ ಹೇಳಿತು. ಅಂದಿನಿಂದ ಯಾರಾದರೂ ಸೈಟಿಗೆ ಬರುತ್ತಾರೆ ಅಂದರೆ ದಂಡ ಹಾಕಲಿಕ್ಕೇ ಬರುವುದು ಅಂತ ಇವರ ಲೆಕ್ಕ. ಆದರೆ ನಾನು ಕಳಿಸುವುದು ಕಂಪ್ಲೇಂಟ್ ಅಲ್ಲ. ಈ ಹುಡುಗ ಮಲಗುವ ಜಾಗಕ್ಕೆ ಒಬ್ಬರು ಹೋಗಿ, ಪಕ್ಕದಲ್ಲಿ ಮಲಗಿದವನಿಗೂ ಜ್ವರ ಉಂಟಾ ಅಂತ ಕೇಳಲಿ ಅನ್ನೋದು ಅಷ್ಟೇ. ಇದನ್ನೇ ಅವರಿಗೆ ಎರಡು ಸಲ ಹೇಳಿದೆ. ಒಪ್ಪಿದರೋ ಇಲ್ಲವೋ, "ಆಯ್ತು" ಅಂತ ಫೋನ್ ಇಟ್ಟರು.

ಮಧ್ಯಾಹ್ನ ಊಟದ ಹೊತ್ತಿಗೆ ಹೊಸದಾಗಿ ಸೇರಿದ ಕಿರಿಯ ಡಾಕ್ಟರ್ ಕೇಳಿದಳು, "ರಿಪೋರ್ಟ್ ಬಾರದೆ ಬರೀ ಅನುಮಾನ ಇದ್ರೂ ಕಳಿಸ್ಬೇಕಾ ಅಕ್ಕ?" ಕಳಿಸಬೇಕು. ನಮ್ಮ ದೇಶದ ರೋಗ ಸರ್ವೇಕ್ಷಣೆ ಕಾರ್ಯಕ್ರಮ 2004ರಲ್ಲಿ ಶುರುವಾಯಿತು. ಅದರಲ್ಲಿ ಮೂರು ಫಾರ್ಮ್. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ತುಂಬಿಸೋದು ಎಸ್ ಫಾರ್ಮ್. ಲ್ಯಾಬಿನವರದ್ದು ಎಲ್ ಫಾರ್ಮ್. ನಡುವೆ ಡಾಕ್ಟರರ ಪಿ ಫಾರ್ಮ್, ಅದು ಇರುವುದೇ ಅನುಮಾನಕ್ಕೆ. ಮೊದಲು ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕವನ್ನು ವಾರಕ್ಕೊಮ್ಮೆ ಕಾಗದದಲ್ಲಿ ಕಳಿಸುತ್ತಿದ್ದೆವು. ಬರೀ ಸಂಖ್ಯೆ, ಜ್ವರ ಇಷ್ಟು, ಭೇದಿ ಇಷ್ಟು ಅಂತ. ಈಗ ಐಎಚ್‌ಐಪಿ ಅನ್ನೋ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಒಬ್ಬೊಬ್ಬರದ್ದೂ ಬೇರೆ ಬೇರೆ, ಊರಿನ ಸಮೇತ ಹೋಗುತ್ತದೆ. ಮಂಗಳೂರಿನಲ್ಲಂತೂ 2015ರಲ್ಲೇ ಮಲೇರಿಯಾಕ್ಕೆಂದೇ ಸಾಫ್ಟ್‌ವೇರ್ ಮಾಡಿ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟಿದ್ದರು.

ಅವಳಿಗೆ ನಿಫಾ ಕತೆ ಹೇಳಿದೆ. 2018ರ ಮೇ ತಿಂಗಳು, ಕೋಝಿಕ್ಕೋಡ್. ಒಂದೇ ಮನೆಯಲ್ಲಿ ತಮ್ಮ ತೀರಿಕೊಂಡು ಎರಡು ವಾರ ಆಗುವಷ್ಟರಲ್ಲಿ ಅಣ್ಣನಿಗೂ ಅದೇ ರೀತಿ ಜ್ವರ. ಅಲ್ಲಿಯ ಡಾಕ್ಟರರು ಇದು ಮಾಮೂಲಿ ಮೆದುಳು ಜ್ವರ ಅಂತ ಬಿಡಲಿಲ್ಲ. ಅನುಮಾನದ ಮೇಲೆಯೇ ಮಾದರಿಯನ್ನು ನಮ್ಮ ಮಣಿಪಾಲದ ವೈರಾಣು ಕೇಂದ್ರಕ್ಕೆ ಕಳಿಸಿದರು. ನಿಫಾ ಅಂತ ಗೊತ್ತಾದದ್ದು ಹಾಗೆ, ಎರಡನೇ ರೋಗಿಯಲ್ಲೇ. ಅವರು ಖಾತ್ರಿಯಾಗಲಿ ಅಂತ ಕಾದಿದ್ದರೆ ಏನಾಗುತ್ತಿತ್ತೋ, ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ರಾತ್ರಿ ನಿದ್ದೆ ಬರುತ್ತಿಲ್ಲ. ಕಂಟ್ರಾಕ್ಟರ್ ಹೇಳಿದ "ಕಂಪ್ಲೇಂಟ್" ಅನ್ನೋ ಮಾತು ಹಳೆಯದೊಂದನ್ನು ಎಬ್ಬಿಸಿತು. ಇಲ್ಲಿ ಬರೆದುಬಿಡುತ್ತೇನೆ.

2014. ಟಿಬಿಯನ್ನು ಕಡ್ಡಾಯವಾಗಿ ತಿಳಿಸಬೇಕು ಅಂತ ಆದೇಶ ಬಂದು ಎರಡು ವರ್ಷ ಆಗಿತ್ತು. ಕಫದಲ್ಲಿ ಟಿಬಿ ಬಂದ ಒಬ್ಬ ಹಿರಿಯರು ನನ್ನ ಕೈ ಹಿಡಿದುಕೊಂಡು, "ಮಗಳ ಮದುವೆ ಮಾತುಕತೆ ನಡೀತಾ ಉಂಟು ಡಾಕ್ಟ್ರೇ, ಸರ್ಕಾರದವರು ಮನೆಗೆ ಬಂದ್ರೆ ಊರಿಗೆಲ್ಲ ಗೊತ್ತಾಗ್ತದೆ" ಅಂದರು. ಕಣ್ಣಲ್ಲಿ ನೀರಿತ್ತು. ನಾನು ಕರಗಿದೆ. ಚೀಟಿ ಬರೆದುಕೊಟ್ಟೆ, ಹೆಸರು ಕಳಿಸಲಿಲ್ಲ. ಅವರು ಮೂರು ತಿಂಗಳು ಮದ್ದು ತಿಂದು, ಕೆಮ್ಮು ನಿಂತಿತು ಅಂತ ಬಿಟ್ಟರು. ವಿಚಾರಿಸುವವರು ಯಾರೂ ಇರಲಿಲ್ಲ, ಯಾಕೆಂದರೆ ಅವರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮರುವರ್ಷ ಅವರ ಮೊಮ್ಮಗನನ್ನು ಕರೆದುಕೊಂಡು ಬಂದರು. ನಾಲ್ಕು ವರ್ಷದ ಮಗು. ಕುತ್ತಿಗೆಯ ಪಕ್ಕ ಗೋಲಿಯಷ್ಟು ದೊಡ್ಡ ಗಂಟುಗಳು, ಒಂದರ ಪಕ್ಕ ಒಂದು.

ಹೆಸರು ಹೋಗಿದ್ದರೆ ಯಾರಾದರೂ ಮನೆಗೆ ಬಂದು, ಆರು ವರ್ಷದೊಳಗಿನ ಮಕ್ಕಳಿದ್ದಾರಾ ಅಂತ ಕೇಳುತ್ತಿದ್ದರು. ಟಿಬಿ ತಡೆಯುವ ಮಾತ್ರೆಯನ್ನು ಆ ಮಗುವಿಗೆ ಮೊದಲೇ ಶುರು ಮಾಡುತ್ತಿದ್ದರು. ಮಗು ಆರು ತಿಂಗಳ ಚಿಕಿತ್ಸೆಯಲ್ಲಿ ಗುಣವಾಯಿತು, ದೇವರ ದಯೆ. ಆದರೆ ಆ ಕುತ್ತಿಗೆಯನ್ನು ಮುಟ್ಟಿ ನೋಡಿದ ಬೆರಳು ನನ್ನದೇ. ಅದನ್ನು ಮರೆಯೋದಕ್ಕೆ ಆಗಿಲ್ಲ.

ಈಗ ಯಾರಾದರೂ ಬೇಡಿಕೊಂಡರೆ ಕೂರಿಸಿ ಮಾತಾಡುತ್ತೇನೆ. ಹೆಸರು ಪೇಪರಿನಲ್ಲಿ ಬರೋದಿಲ್ಲ, ಬರುವವರು ಮನೆ ಮುಂದೆ ನಿಂತು ಕೂಗೋದಿಲ್ಲ ಅಂತ ಹೇಳುತ್ತೇನೆ. ಟಿಬಿ ರೋಗಿಗಳ ಸರ್ಕಾರಿ ಪಟ್ಟಿಯಾದ ನಿಕ್ಷಯ್‌ನಲ್ಲಿ ಹೆಸರಿದ್ದರೆ ಮಾತ್ರ ಪೌಷ್ಟಿಕ ಆಹಾರದ ದುಡ್ಡು ಬರುತ್ತದೆ ಅಂತಲೂ ಹೇಳುತ್ತೇನೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, ಕಳೆದ ನವೆಂಬರಿನಿಂದ 1000. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೂ ಕಳಿಸುತ್ತೇನೆ, ಕಳಿಸುತ್ತೇನೆ ಅಂತ ಮುಖಕ್ಕೇ ಹೇಳುತ್ತೇನೆ.

ಜುಲೈ 17, ಗುರುವಾರ

ಮಳೆ ಸ್ವಲ್ಪ ಬಿಟ್ಟಿತ್ತು. ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಆ ಸೈಟಿನ ಹತ್ತಿರ ಇಳಿದೆ. ಮಲೇರಿಯಾ ಕಾರ್ಯಕರ್ತರು ಮಂಗಳವಾರವೇ ಬಂದು ಎಲ್ಲರ ರಕ್ತ ತೆಗೆದಿದ್ದರು. ಇವತ್ತು ಮತ್ತೆ ಬಂದಿದ್ದರು. ಅವರಲ್ಲೊಬ್ಬರು ನನ್ನನ್ನು ನಾಲ್ಕನೇ ಮಹಡಿಗೆ ಕರೆದರು. ಸ್ಲ್ಯಾಬಿಗೆ ಕ್ಯೂರಿಂಗ್ ಮಾಡಲು ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಉದ್ದ ಹಿಡಿಯ ಬಿಳಿ ಸೌಟಿನಲ್ಲಿ ನೀರು ಎತ್ತಿ ನನ್ನೆದುರು ಹಿಡಿದರು. "ನೋಡಿ ಮೇಡಂ, ಬೇರೆ ಸೊಳ್ಳೆಯ ಮರಿ ತಲೆ ಕೆಳಗೆ ಮಾಡಿ ನೇತಾಡ್ತದೆ. ಇದು ನೀರಿನ ಮೇಲೆ ಚಾಪೆ ಹಾಸಿದ ಹಾಗೆ ಅಡ್ಡ ಮಲಗ್ತದೆ." ಕಂದು ಬಣ್ಣದ ಸಣ್ಣ ಸಣ್ಣ ಗೆರೆಗಳು, ಆರೇಳು. ಸೌಟು ಅಲುಗಿಸಿದಾಗ ಚುರುಕಾಗಿ ಹಿಂದೆ ಸರಿದವು. ಇಷ್ಟು ವರ್ಷ ಮಲೇರಿಯಾಕ್ಕೆ ಮದ್ದು ಬರೆದಿದ್ದೇನೆ, ಅದನ್ನು ಹರಡುವ ಅನಾಫಿಲಿಸ್ ಸೊಳ್ಳೆಯ ಮರಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇವತ್ತೇ.

ಕಂಟ್ರಾಕ್ಟರ್ ಕೂಡ ಮೇಲೆ ಬಂದು ಸೌಟಿಗೆ ಬಗ್ಗಿ ನೋಡಿದರು. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗರನ್ನು ಕರೆದು ಕಟ್ಟೆ ಒಡೆಸಿ ನೀರು ಬಿಡಿಸಿದರು. ಹೋಗುವಾಗ, "ಬರುವ ಗುರುವಾರ ಆಟಿ ಅಮಾಸೆ, ಎಲ್ಲರಿಗೂ ಪಾಲೆ ಮರದ ತೊಗಟೆಯ ಕಷಾಯ ಕುಡಿಸ್ತೇನೆ ಡಾಕ್ಟ್ರೇ" ಅಂದರು. ಕುಡಿಸಿ, ಆದರೆ ಮಾತ್ರೆ ನಿಲ್ಲಿಸಬೇಡಿ ಅಂದೆ.

ನಮ್ಮ ಹುಡುಗನ ಜ್ವರ ಇಳಿದಿದೆ. ಇವತ್ತು ನಾಲ್ಕನೇ ದಿನ, ಇನ್ನೂ ಹತ್ತು ದಿನದ ಪ್ರೈಮಾಕ್ವಿನ್ ಬಾಕಿ. ಯಕೃತ್ತಿನಲ್ಲಿ ಅಡಗಿದ ರೋಗಾಣು ಹೋಗಬೇಕಾದರೆ ಅದು ಪೂರ್ತಿ ಆಗಲೇಬೇಕು. ಬೇರೆ ಸೈಟಿಗೆ ಕಳಿಸುವುದಾದರೆ ಮೊದಲು ನನಗೆ ಫೋನ್ ಮಾಡಬೇಕು ಅಂತ ಕಂಟ್ರಾಕ್ಟರ್ ಹತ್ತಿರ ಮಾತು ತೆಗೆದುಕೊಂಡಿದ್ದೇನೆ.

ಮಂಗಳವಾರ ತೆಗೆದ ರಕ್ತದಲ್ಲಿ ಇನ್ನೂ ಇಬ್ಬರಿಗೆ ಪಾಸಿಟಿವ್. ಇಬ್ಬರೂ ಆ ಫೋಟೋದಲ್ಲಿ ಇದ್ದವರು.