ಜರೀಗಿಡವಲ್ಲದ ಜರೀಗಿಡಗಳು

ಧಾರವಾಡದ ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಬಾವಿಯ ಕಲ್ಲುಸಂದಿಯಲ್ಲಿ ಚಿಗುರುವ ಜರೀಗಿಡದ ಎಲೆಯನ್ನು ಮಗುಚಿದರೆ ಬೀಜಾಣುಗಳ ಕಂದು ಚುಕ್ಕೆಗಳು ಕಾಣುತ್ತವೆ; ಜರೀಗಿಡ ಬೀಜ ಬಿಡದೆ ಇವುಗಳಿಂದಲೇ ವಂಶ ಬೆಳೆಸುತ್ತದೆ. ಪಳೆಯುಳಿಕೆಯಾಗಿ ಕಲ್ಲಿನಲ್ಲಿ ಅಚ್ಚೊತ್ತಿದ ಎಲೆಗೆ ಈ ಗುರುತು ಅನೇಕ ವೇಳೆ ಉಳಿದಿರುವುದಿಲ್ಲ, ಹಾಗಾಗಿ ಆಕಾರ ನೋಡಿಯೇ ಅದನ್ನು ಜರೀಗಿಡವೆಂದುಕೊಂಡದ್ದುಂಟು. (ನಮ್ಮೂರಿನ ಬಂಡೆಗಳಲ್ಲಿ ಅಂಥ ಅಚ್ಚುಗಳನ್ನು ಹುಡುಕುವುದು ವ್ಯರ್ಥ, ಆ ಬಂಡೆಗಳು ನೆಲದ ಸಸ್ಯಗಳಿಗಿಂತ ಬಹಳ ಹಳೆಯವು.) ಎಲೆ, ಕಾಂಡ, ಬೀಜಗಳು ಬಿಡಿಬಿಡಿಯಾಗಿ ಸಿಕ್ಕಿದ್ದರಿಂದ ಒಂದೇ ಸಸ್ಯದ ಭಾಗಗಳಿಗೆ ಬೇರೆಬೇರೆ ಸಸ್ಯಗಳೆಂಬಂತೆ ಬೇರೆಬೇರೆ ಕುಲನಾಮಗಳು (ವೈಜ್ಞಾನಿಕ ಹೆಸರುಗಳು) ಬಂದವು. 1903ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿಗಳಾದ ಆಲಿವರ್ ಮತ್ತು ಸ್ಕಾಟ್, ಲೈಜಿನಾಪ್ಟೆರಿಸ್ ಎಂಬ ಕಾಂಡದ ಮೇಲೂ ಲಜೀನೋಸ್ಟೋಮ ಎಂಬ ಬೀಜವನ್ನು ಸುತ್ತುವ ಹೊರಬಟ್ಟಲಿನ ಮೇಲೂ ಒಂದೇ ಬಗೆಯ ಗ್ರಂಥಿಗಳಿರುವುದನ್ನು ಗಮನಿಸಿ, ಎರಡೂ ಒಂದೇ ಗಿಡದವೆಂದು ನಿರೂಪಿಸಿದರು. ಬೀಜ ಬಿಡುವ 'ಜರೀಗಿಡ'ಗಳ ಗುಂಪು ಹೀಗೆ ರೂಪುಗೊಂಡಿತು. ಇನ್ನೊಂದು ಪಳೆಯುಳಿಕೆ ಎಲೆಗೆ ಕೊಟ್ಟ 1828ರ ಹೆಸರಾದ ಗ್ಲಾಸಾಪ್ಟೆರಿಸ್‌ಗೆ ನಾಲಗೆಯಾಕಾರದ ಜರೀಗಿಡವೆಂದೇ ಅರ್ಥ. ಅದು ಬೀಜಸಸ್ಯವೆಂದು ತಿಳಿದ ಮೇಲೂ ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬ ಆದ್ಯತೆಯ ನಿಯಮದಂತೆ ಹಳೆಯ ಹೆಸರೇ ಉಳಿದಿದೆ, ಅದು ನನಗೆ ಸರಿಯಾಗಿಯೇ ತೋರುತ್ತದೆ.